ಬೀಜಿಂಗಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನನ್ನ ಮೊಮ್ಮಗಳು ಇವತ್ತು ನಡೆದಳು! ಗೋಡೆ ಹಿಡಿಯದೆ, ಅವರವ್ವನ ಸೆರಗು ಹಿಡಿಯದೆ, ಒಂಬತ್ತು ಹೆಜ್ಜೆ ನಡೆದಳು. ನಾನೇ ಎಣಿಸಿದ್ದೇನೆ. ಸೊಸೆ ಎಂಟು ಅನ್ನುತ್ತಾಳೆ. ಕೊನೆಯದು ಹೆಜ್ಜೆಯಲ್ಲ, ಬಿದ್ದದ್ದು ಅಂತ ಅವಳ ವಾದ. ಬೀಳುವುದಕ್ಕೂ ಒಂದು ಕಾಲು ಮುಂದೆ ಇಡಬೇಕಲ್ಲ? ಒಂಬತ್ತೇ.

ಕೂಸಿಗೆ ಎರಡು ವರ್ಷ ದಾಟಿದೆ. ಹುಟ್ಟುವಾಗಲೇ ಎರಡೂ ಪಾದ ಒಳಗೆ ತಿರುಗಿದ್ದವು, ಒಂದು ಅಂಗಾಲು ಇನ್ನೊಂದನ್ನು ನೋಡುತ್ತಿತ್ತು. ಈ ಕೂಸು ನಡೆಯುತ್ತದೋ ಇಲ್ಲವೋ ಎಂಬ ಒಂದೇ ಯೋಚನೆಯಲ್ಲಿ ನಮ್ಮ ಮನೆ ಇಷ್ಟು ದಿನ ಉಸಿರು ಹಿಡಿದು ಕೂತಿತ್ತು.

ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕೂತು ಚರ್ಮ ಕೊಯ್ಯುತ್ತಿದ್ದೆ. ನಮ್ಮದು ಅಥಣಿ ಕಡೆಯ ಚಪ್ಪಲಿ ಮಾಡುವ ಮನೆತನ. ನಾವು ಮಾಡಿದ್ದಕ್ಕೆ ಮಂದಿ ಕೊಲ್ಲಾಪುರಿ ಅನ್ನುತ್ತಾರೆ, ಅನ್ನಲಿ. ಮೊಮ್ಮಗಳು ಒಳಗಿನ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ನನ್ನ ಮುಂದೆ ಚಪ್ಪಲಿಗೆ ಕಟ್ಟುವ ಕೆಂಪು ಗೊಂಡೆಗಳು ಬಿದ್ದಿದ್ದವು. ಅವುಗಳ ಮೇಲೆ ಅವಳ ಕಣ್ಣು. ಕಂಬ ಬಿಟ್ಟಳು.

“ಮಾವಾ, ಅಳ್ಳಾಡಬ್ಯಾಡ್ರಿ! ಉಸರ ಬಿಡಬ್ಯಾಡ್ರಿ!” ಅಂತ ಹಿಂದಿನಿಂದ ಸೊಸೆ ಪಿಸುಗುಟ್ಟಿದಳು.

ನಾನು ಚರ್ಮ ಕೊಯ್ಯುವ ರಾಂಪಿ ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದೆ. ಕೂಸು ಬಂತು. ಎಡಕ್ಕೆ ಸ್ವಲ್ಪ ಜೋಲಿ, ಬಲಕ್ಕೆ ಸ್ವಲ್ಪ ಜೋಲಿ, ಆದರೆ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಿದ್ದವು. ನಾನು ಮುಖ ನೋಡಲಿಲ್ಲ, ಪಾದವನ್ನೇ ನೋಡಿದೆ. ಹುಟ್ಟಿದಾಗಿನಿಂದ ನಾನು ನೋಡುತ್ತ ಬಂದದ್ದು ಪಾದಗಳನ್ನೇ. ಬಂದು ಗೊಂಡೆಗಳ ಮೇಲೆ ಬಿದ್ದು, ಒಂದನ್ನು ಬಾಯಿಗಿಟ್ಟಳು.

ಮಗ ಮುಖದ ತುಂಬ ಸಾಬೂನು ಹಚ್ಚಿಕೊಂಡೇ ಹಿತ್ತಲಿನಿಂದ ಓಡಿ ಬಂದ. “ಮತ್ತೊಮ್ಮೆ ನಡಸ್ರಿ, ನಾ ನೋಡಿಲ್ಲ!”

“ಅಕಿ ಏನ ಸರ್ಕಸ್ನ್ಯಾಕಿ ಅನ್ಕೊಂಡಿಯೇನ? ಮದಲ ಮಾರಿ ತೊಳಕೊ,” ಅಂತ ಸೊಸೆ ಬೈದಳು. ಬೈಯುತ್ತಲೇ ಅಳುತ್ತಿದ್ದಳು.

ನಾನು ನಕ್ಕೆ. ನಗುತ್ತ ಹೆಂಡತಿಯನ್ನು ಕರೆಯಲು ಅಡುಗೆಮನೆ ಕಡೆ ತಿರುಗಿದೆ. “ಏ, ಬಾ ಇಲ್ಲಿ” ಅನ್ನುವ ಮಾತು ತುಟಿಯ ತನಕ ಬಂದಿತ್ತು. ಅವಳು ಹೋಗಿ ಒಂದೂವರೆ ವರ್ಷವಾಯಿತು.

ನಾಲ್ಕನೇ ಇಯತ್ತೆ ಓದಿದವನು ನಾನು. ಗಿರಾಕಿಗಳ ಪಾದದ ಅಳತೆ ಬರೆಯುವ ವಹಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇಷ್ಟು ಸಂತೋಷವನ್ನು ಎಲ್ಲಾದರೂ ಇಡಬೇಕು, ಇಲ್ಲವಾದರೆ ತಡೆಯಲಾರೆ. ಆದರೆ ಸಂತೋಷ ಬರೆಯಲು ಕೂತರೆ ಅವಳೇ ಬರುತ್ತಾಳೆ, ಅವಳ ಹಿಂದೆ ನಾನು ಅವಳಿಗೆ ಆಡಿದ ಒಂದು ಮಾತೂ ಬರುತ್ತದೆ. ಆ ಮಾತು ಹೇಳಬೇಕಾದರೆ ಬೀಜಿಂಗಿನಿಂದ ಹೇಳಬೇಕು.

ಸೊಸೆ ಆಗ ನಾಲ್ಕು ತಿಂಗಳ ಬಸುರಿ. ಚೀನಾದ ಆ ದೊಡ್ಡ ಊರಲ್ಲಿ ಕೈಕಸುಬಿನವರ ಮೇಳ ಇತ್ತು. ನಮ್ಮ ಚಪ್ಪಲಿ ಒಯ್ದು ಮಾರುವವರು ನನ್ನನ್ನೂ ಹೆಂಡತಿಯನ್ನೂ ಕಳಿಸಿದರು. ಚರ್ಮ ಕೊಯ್ದು ಅಟ್ಟೆ ಹೊಲಿಯುವುದು ಗಂಡಸರ ಕೆಲಸ, ಮೇಲಿನ ಜಡೆ ಹೆಣೆಯುವುದು ಹೆಂಗಸರ ಕೆಲಸ. ಹಾಗಾಗಿ ಒಬ್ಬರೇ ಹೋಗಿ ಪ್ರಯೋಜನವಿರಲಿಲ್ಲ. ಆರು ದಿನ ಮಂದಿಯ ಎದುರು ಕೂತು ಚಪ್ಪಲಿ ಮಾಡಿ ತೋರಿಸಿದೆವು. ಇವಳು ಚರ್ಮದ ಎಳೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹೆಣೆಯುವಾಗ ಆ ಊರಿನ ಹೆಂಗಸರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಏಳನೆಯ ದಿನ ಬಿಡುವು. ನಮ್ಮ ಜೊತೆಗೆ ಹಿಂದಿ ಕಲಿತ ಒಬ್ಬ ಚೀನೀ ಹುಡುಗಿ ಇದ್ದಳು. ಮರಾಠಿ ಬೆರೆತ ನಮ್ಮ ಹಿಂದಿಗಿಂತ ಅವಳ ಹಿಂದಿಯೇ ಸ್ವಚ್ಛ.

“ದಕ್ಷಿಣದ ಕೋಟೆ ಬಾಗಿಲಿನಿಂದ ಉತ್ತರದ ನಗಾರಿ ಗೋಪುರದ ತನಕ ಒಂದೇ ನೇರ ಗೆರೆ. ಎಲ್ಲ ಹಳೆಯ ಕಟ್ಟಡಗಳೂ ಆ ಗೆರೆಯ ಮೇಲೇ ಇವೆ. ಆದರೆ ದೂರ ಇದೆ, ನಡೆಯುತ್ತೀರಾ?” ಅಂತ ಕೇಳಿದಳು.

“ಮಂಗಸೂಳಿ ಮಲ್ಲಯ್ಯನ ಜಾತ್ರಿಗೆ ನಡಕೋತ ಹೋಗೂವ್ರು ನಾವು. ಇದ ಯಾವ ದೂರ?” ಅಂದಳು ಇವಳು. ನಾನು ಅದನ್ನು ಹಿಂದಿ ಮಾಡಿ ಹೇಳಿದೆ.

ಕೋಟೆ ಬಾಗಿಲು ದಾಟಿದೆವು. ಮುಂದೆ ಬಯಲು, ಎಷ್ಟು ದೊಡ್ಡ ಬಯಲೆಂದರೆ ಆ ತುದಿಯ ಮಂದಿ ಇರುವೆ ಹಾಗೆ. ಆಮೇಲೆ ಕೆಂಪು ಗೋಡೆ, ನೀರಿನ ಕಂದಕ, ಅರಮನೆಯ ಹೆಬ್ಬಾಗಿಲು. ಹುಡುಗಿ ಹೇಳಿದಳು, ಇಲ್ಲಿದ್ದ ರಾಜನನ್ನು ಆಕಾಶದ ಮಗ ಅನ್ನುತ್ತಿದ್ದರಂತೆ, ಸಾಮಾನ್ಯ ಜನರು ಯಾರೂ ಒಳಗೆ ಕಾಲಿಡುವಂತಿರಲಿಲ್ಲವಂತೆ.

ಇವಳು ನನ್ನ ಕಿವಿಯ ಹತ್ತಿರ ಬಂದಳು. “ಯಾರನ್ನೂ ಬಿಡತಿದ್ದಿಲ್ಲಂತ. ಬರೇ ನಮ್ಮನ್ನಷ್ಟ ಅಲ್ಲ.”

“ಹೂಂ, ಕೇಳಿಸ್ತು.”

“ಹಂಗಾದ್ರ ಊರ ಮಂದಿ ಎಲ್ಲಾ ನಮ್ಮ ಸಾಲಿನ್ಯಾಗ ನಿಂತಿದ್ರಲ್ರೀ!”

ಬಾಯಿಗೆ ಸೆರಗು ಹಿಡಿದು ನಕ್ಕಳು. ನನ್ನ ಅಪ್ಪ ಊರ ಗುಡಿಯ ಹೊರಗೆ ಕೂತು, ಒಳಗೆ ಹೋದವರ ಚಪ್ಪಲಿಯ ಕಿತ್ತ ಉಂಗುಷ್ಠದ ಪಟ್ಟಿ ಹೊಲಿದವನು. ಒಳಗೆ ಏನಿದೆ ಎಂದು ಅವನು ನೋಡಲೇ ಇಲ್ಲ. ಹೀಗಾಗಿ ಅವಳ ನಗೆ ನನಗೆ ಪೂರ್ತಿ ತಿಳಿಯಿತು.

ಅರಮನೆಯ ಬಾಗಿಲಲ್ಲಿ ಅವಳು ಒಂದು ಕೆಲಸ ಮಾಡಿದಳು. ಕಾಲಿನಿಂದ ಚಪ್ಪಲಿ ಕಳಚಿ, ಗೋಡೆ ಬದಿಗೆ ಜೋಡಿಸಿ ಇಟ್ಟಳು. ಎಲ್ಲರೂ ಬೂಟು ಹಾಕಿಕೊಂಡೇ ಹೋಗುತ್ತಿದ್ದರು. ನಾನೂ ಹಾಕಿಕೊಂಡೇ ಇದ್ದೆ.

“ಯಾರೂ ಬಿಡಂಗಿಲ್ಲಲೇ,” ಅಂದೆ.

“ಅವ್ರು ಬಿಡ್ಲಿ, ಬಿಡದ ಇರ್ಲಿ. ಆಕಾಶದ ಮಗನ ಮನಿ. ಮದಲನೇ ಸಲ ಒಳಗ ಬಿಡಾಕತ್ತಾರ, ಚಪ್ಪಲಿ ಮೆಟ್ಟಕೊಂಡ ಹೋಗಲ್ಯಾ?”

ಆ ಜೋಡು ನಾನು ಅಟ್ಟೆ ಹೊಲಿದದ್ದು, ಅವಳು ಜಡೆ ಹೆಣೆದದ್ದು. ಎಣ್ಣೆ ಉಣ್ಣಿಸಿ ಉಣ್ಣಿಸಿ ಅವಳ ಕಾಲಿನ ತೊಗಲಿನ ಹಾಗೇ ಆಗಿತ್ತು. ಮರಳಿ ಬರುವಾಗ ಮೆಟ್ಟಿಕೊಂಡರಾಯಿತು ಎಂದು ನಾನೂ ಸುಮ್ಮನಾದೆ. ಹುಡುಗಿ ಟಿಕೀಟಿನ ಗದ್ದಲದಲ್ಲಿ ಮುಂದಿದ್ದಳು, ನೋಡಲಿಲ್ಲ. ಸೀರೆಯ ನಿರಿಗೆ ಪಾದ ಮುಚ್ಚಿತ್ತು.

ಒಳಗೆ ಅಂಗಳದ ಮುಂದೆ ಅಂಗಳ. ಒಂದೂ ಗಿಡವಿಲ್ಲ, ಬರೀ ಕಲ್ಲು. ಮೊಣಕಾಲೆತ್ತರದ ಹೊಸ್ತಿಲುಗಳು. ಇವಳು ಒಂದೊಂದನ್ನೂ ಮುಟ್ಟಿ ಹಣೆಗೆ ಹಚ್ಚಿ ದಾಟಿದಳು. ಆಳೆತ್ತರದ ಲೋಹದ ಕೊಪ್ಪರಿಗೆಗಳಿದ್ದವು. “ಇದ್ರಾಗ ಚರ್ಮ ನೆನಿಹಾಕಿದ್ರ ಊರಿಗೆಲ್ಲಾ ಚಪ್ಪಲಿ ಆಗೂವು,” ಅಂದಳು. ನಾವು ಮೂರು ತಾಸು ನಡೆದೆವು. ಕೊನೆಗೆ ಹಳೆಯ ಮರಗಳ ತೋಟ, ಅದರಾಚೆ ಉತ್ತರದ ಬಾಗಿಲು. ಬಾಗಿಲು ದಾಟಿ ಹೊರಗೆ ಬಂದಮೇಲೆ ಇವಳು ನಿಂತಳು.

“ನಡೀರಿ, ಹಿಂದಕ ಹೋಗೂಣು. ಚಪ್ಪಲಿ.”

ಹುಡುಗಿಗೆ ಆಗ ತಿಳಿಯಿತು. ಪಾದ ನೋಡಿದಳು, ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆ ಅರಮನೆಗೆ ದಕ್ಷಿಣದಿಂದ ಹೋಗಿ ಉತ್ತರದಿಂದ ಬರುವುದು ನಿಯಮ. ಹಿಂದಕ್ಕೆ ಬಿಡುವುದಿಲ್ಲ. ಹುಡುಗಿ ಕಾವಲಿನವನ ಹತ್ತಿರ ಓಡಿದಳು, ಫೋನು ಮಾಡಿಸಿದಳು, ಬಹಳ ಹೊತ್ತು ಮಾತಾಡಿದಳು. ಆ ಬಾಗಿಲಲ್ಲಿ ಏನೂ ಇಲ್ಲವೆಂದು ಉತ್ತರ ಬಂತಂತೆ. ಕಸಗುಡಿಸುವವರು ಎತ್ತಿರಬೇಕು.

ಅರಮನೆಯ ಹಿಂದೆ ರಸ್ತೆ ದಾಟಿದರೆ ಒಂದು ಗುಡ್ಡ. ಇವಳು ಬರಿಗಾಲಲ್ಲೇ ಹತ್ತುತ್ತೇನೆಂದಳು, ಹತ್ತಿದಳು. ಮೇಲಿನಿಂದ ನೋಡಿದರೆ ಅರಮನೆಯ ಹಳದಿ ಹೆಂಚು ಮಾಗಿದ ಜೋಳದ ಹೊಲದ ಹಾಗೆ ದೂರದ ತನಕ. ಮಂದಿಯೆಲ್ಲ ಫೋಟೋ ತೆಗೆಯುತ್ತಿದ್ದರು. ಇವಳು ಹಣೆಗೆ ಕೈ ಅಡ್ಡ ಹಿಡಿದು ಆ ತುದಿಯ ಬಾಗಿಲು ಹುಡುಕಿದಳು.

“ಅಕೋ, ಅಲ್ಲಿ. ನನ್ನ ಚಪ್ಪಲಿ ಅಲ್ಲೇ ಅದಾವ.”

“ಇಲ್ಲಿಂದ ಕಾಣತಾವೇನ?”

“ನಿಮಗ ಕಾಣಂಗಿಲ್ಲ. ನನಗ ಕಾಣತಾವು.”

ಗುಡ್ಡ ಇಳಿದು ನಗಾರಿ ಗೋಪುರದ ದಾರಿ ಹಿಡಿದೆವು. ದಾರಿಯಲ್ಲಿ ಒಬ್ಬ ಮುದುಕಿ ಇವಳ ಕಾಲು ನೋಡಿ ನಿಂತು ಏನೋ ಬೈದಳು. ಬೈದದ್ದು ನಮಗಲ್ಲ, ಹುಡುಗಿಗೆ. ಹಿರಿಯರನ್ನು ಬರಿಗಾಲಲ್ಲಿ ನಡೆಸುತ್ತೀಯಾ ಅಂತ. ಹುಡುಗಿಯ ಮುಖ ಕೆಂಪಾಯಿತು. ಗೋಪುರದ ಹತ್ತಿರ ಬಟ್ಟೆ ಬೂಟಿನ ಒಂದು ಅಂಗಡಿ ಇತ್ತು. ನಮ್ಮನ್ನು ಅಲ್ಲಿಗೆ ಕರೆದೊಯ್ದಳು.

ಇವಳ ಹರವಾದ ಪಾದಕ್ಕೆ ಅಳತೆ ಹುಡುಕುತ್ತ ಹುಡುಗಿಯೂ ಅಂಗಡಿಯವಳೂ ಒಳಗೆ ಹೋದರು. ಇವಳು ಗಾಜಿನ ಪೆಟ್ಟಿಗೆಯೊಂದರ ಮುಂದೆ ಕೂತಿದ್ದಳು. ಅದರಲ್ಲಿ ಒಂದು ಜೊತೆ ಪುಟ್ಟ ಬೂಟು. ಹಳೆಯ ರೇಷ್ಮೆ, ಮೇಲೆ ಹೂವಿನ ಕಸೂತಿ, ತುದಿ ಚೂಪು. ನನ್ನ ಗೇಣಿಗಿಂತ ಬಹಳ ಕಡಿಮೆ.

“ನೋಡ್ರಿ! ಕೂಸಿಗೆ ಒಯ್ಯೂಣು.”

ನಮ್ಮ ಮನೆತನದಲ್ಲಿ ಮಗು ತಾನಾಗಿ ನಡೆಯುವ ತನಕ ಅದರ ಕಾಲಿನ ಅಳತೆ ತೆಗೆಯುವುದಿಲ್ಲ, ಕಾಲಿಗೆ ಏನನ್ನೂ ಮಾಡುವುದಿಲ್ಲ, ತರುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ.

“ಕೂಸ ಇನ್ನಾ ಹುಟ್ಟೇ ಇಲ್ಲ,” ಅಂದೆ.

“ಪದ್ಧತಿ ಇರೂದು ಚರ್ಮಕ್ಕ. ಇದ ರೇಷ್ಮಿ ಅರಿವಿದು, ಗೊಂಬಿ ಬೂಟ ಇದ್ದಂಗ.”

ಅಂಗಡಿಯವಳು ಬಂದು ಪೆಟ್ಟಿಗೆ ತೆರೆದು ನನ್ನ ಕೈಗೆ ಕೊಟ್ಟಳು. ನಾನು ಅಭ್ಯಾಸದಂತೆ ತಿರುವಿ ಅಟ್ಟೆ ನೋಡಿದೆ. ಹಳೆಯ ಚಪ್ಪಲಿಯ ಅಟ್ಟೆ ನೋಡಿದರೆ ಮೆಟ್ಟಿದವರು ದಪ್ಪವೋ ತೆಳ್ಳಗೋ, ಯಾವ ಕಾಲು ಕುಂಟು, ನಾನು ಹೇಳಬಲ್ಲೆ. ಆ ಬೂಟಿನ ಹಿಮ್ಮಡಿ ಸವೆದು ಹೋಗಿತ್ತು. ಮಗುವಿನ ತೂಕಕ್ಕೆ ಅಟ್ಟೆ ಹಾಗೆ ಸವೆಯುವುದಿಲ್ಲ. ದೊಡ್ಡವರೊಬ್ಬರು, ಇಡೀ ಮೈಭಾರವನ್ನು ಹಿಮ್ಮಡಿಯ ಮೇಲೆ ಹಾಕಿ, ಬಹಳ ವರ್ಷ ನಡೆದ ಅಟ್ಟೆ ಅದು. ಇಷ್ಟು ಚಿಕ್ಕದರಲ್ಲಿ ದೊಡ್ಡವರು ಹೇಗೆ? ಮತ್ತೊಮ್ಮೆ ತಿರುವಿ ನೋಡಿದೆ. ಕೈಗೆ ತಿಳಿದದ್ದನ್ನು ತಲೆ ಒಪ್ಪಲಿಲ್ಲ. ಇವಳ ಮುಖ ಅಷ್ಟು ಅರಳಿತ್ತು. ಸುಮ್ಮನೆ ಮರಳಿ ಕೊಟ್ಟೆ. ಹುಡುಗಿ ಹೊರಗೆ ಬರುವಷ್ಟರಲ್ಲಿ ಅಂಗಡಿಯವಳು ಕಾಗದದಲ್ಲಿ ಸುತ್ತಿಯಾಗಿತ್ತು. ಊರು ನೋಡಲು ಬಂದವರು ಅದನ್ನು ನೆನಪಿಗೆ ಒಯ್ಯುವುದುಂಟಂತೆ, ಹುಡುಗಿಯೂ ಹಾಗೇ ತಿಳಿದಳು.

ನಗಾರಿ ಗೋಪುರದ ಹಿಂದೆಯೇ ಗಂಟೆ ಗೋಪುರ. ಅಲ್ಲಿಗೆ ಆ ಗೆರೆ ಮುಗಿಯುತ್ತದೆ. ಕಲ್ಲಿನ ಮೆಟ್ಟಿಲ ಮೇಲೆ ಕೂತೆವು. ಇವಳು ಹೊಸ ಕರಿ ಬಟ್ಟೆ ಬೂಟಿನ ಕಾಲು ಮುಂದೆ ಚಾಚಿ, ಮಡಿಲಲ್ಲಿ ಪೊಟ್ಟಣ ಇಟ್ಟುಕೊಂಡು, ಹುಡುಗಿಗೆ ತನ್ನ ಹರಕು ಹಿಂದಿಯಲ್ಲಿ ಹೇಳಿದಳು, ಮೊಮ್ಮಗುವಿಗೆ ಇದು, ನಮ್ಮ ಸೊಸೆ ಬಸುರಿ.

ಹುಡುಗಿ ಪೊಟ್ಟಣದ ಮೇಲೆ ಕೈ ಇಟ್ಟಳು. “ಮಾಜೀ, ಇವು ಮಗುವಿನವಲ್ಲ,” ಅಂದಳು. “ಹಿಂದೆ ಇಲ್ಲಿ ಹೆಣ್ಣುಮಕ್ಕಳ ಪಾದ ಚಿಕ್ಕದಿರಬೇಕೆಂದು, ನಾಲ್ಕೈದು ವರ್ಷಕ್ಕೇ ಬೆರಳು ಮಡಚಿ ಬಟ್ಟೆಯಿಂದ ಬಿಗಿಯುತ್ತಿದ್ದರು. ಎಲುಬು ಮುರಿದು ಪಾದ ಬಾಗುತ್ತಿತ್ತು. ಆಮೇಲೆ ಜೀವಮಾನವಿಡೀ ಇಂಥ ಬೂಟು. ನನ್ನ ಮುತ್ತಜ್ಜಿಯ ಪಾದ ಹಾಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳಂತೆ.”

ಇವಳಿಗೆ ನಾನು ತಿಳಿಸಿ ಹೇಳಬೇಕಾಯಿತು. ಕೇಳಿದಳು. “ಯಾರ ಕಟ್ಟತಿದ್ರು?” ಅಂದಳು.

“ಅವ್ವಗೋಳ,” ಅಂದೆ.

ಪೊಟ್ಟಣವನ್ನು ಮಡಿಲಿನಿಂದ ತೆಗೆದು ಮೆಟ್ಟಿಲ ಮೇಲೆ ದೂರ ಇಟ್ಟಳು. “ಇಲ್ಲೇ ಬಿಟ್ಟ ಹೋಗೂಣು. ಮನಿಗೆ ಬ್ಯಾಡ.”

ಬಿಟ್ಟು ಹೋಗುವುದು ಬೇಡ ಅಂದವನು ನಾನು. “ಯಾರೋ ಒಬ್ಬಾಕಿ ಕಾಲಾಗ ಸವದದ್ದು. ಬೀದ್ಯಾಗ ಒಗದ ಹೋಗಬಾರ್ದು. ಚಪ್ಪಲಿ ಮಾಡೂವ್ರು ನಾವು,” ಅಂದೆ. ಅವಳು ನನ್ನ ಮಾತು ಕೇಳಿ ಎತ್ತಿಕೊಂಡಳು. ಹೀಗೆ ಆ ಬೂಟು ನಮ್ಮ ಮನೆಗೆ ಬಂತು.

ಐದು ತಿಂಗಳ ಮೇಲೆ ಮೊಮ್ಮಗಳು ಹುಟ್ಟಿದಳು. ಸೂಲಗಿತ್ತಿ ದಾದಿ ಬಟ್ಟೆ ಬಿಚ್ಚಿ ಪಾದ ತೋರಿಸಿದಾಗ ಇವಳು ಗೋಡೆಗೆ ಒರಗಿ ಕೆಳಗೆ ಕೂತಳು. ಮಿರಜಿನ ಡಾಕ್ಟರು ಸಮಾಧಾನವಾಗಿ ಹೇಳಿದರು, ಹೊಟ್ಟೆಯೊಳಗೇ ಹೀಗೆ ತಿರುಗುವುದುಂಟು, ಯಾರ ತಪ್ಪೂ ಇಲ್ಲ, ಎಳೆಯ ಎಲುಬು, ಪ್ಲಾಸ್ಟರಿನಿಂದ ಸರಿಯಾಗುತ್ತದೆ. ಬಸ್ಸಿನಲ್ಲಿ ಮರಳುವಾಗ ಇವಳು ಅಂದಳು, “ನಾ ಆ ಬೂಟ ಮುಟ್ಟಬಾರ್ದಾಗಿತ್ತು.”

ನಾನು ಹುಚ್ಚಿ ಅನ್ನಬಹುದಿತ್ತು. ಡಾಕ್ಟರ ಮಾತು ನೆನಪಿಸಬಹುದಿತ್ತು. ಆದರೆ ಆ ದಿನ ನನಗೆ ಯಾರ ಮೇಲಾದರೂ ಸಿಟ್ಟು ಬೇಕಾಗಿತ್ತು. “ಬ್ಯಾಡಂದ್ರೂ ಪದ್ಧತಿ ಮುರದಾಕಿ ನೀನು. ಅದನ್ನ ಮನಿಗೆ ತಂದಾಕಿ ನೀನು,” ಅಂದೆ.

ಅವಳು ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತಳು. ತನಗೆ ಎತ್ತಿಕೊಳ್ಳಲು ಹೇಳಿದ್ದು ಯಾರು ಅಂತ ಅವಳು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ವಾರಕ್ಕೊಂದು ಸಲ ಮಿರಜಿಗೆ ಪ್ಲಾಸ್ಟರಿಗೆ ಒಯ್ದವಳು ಅವಳೇ. ಪ್ಲಾಸ್ಟರು ಮುಗಿದ ಮೇಲೆ ನಡುವೆ ಕಂಬಿ ಇದ್ದ ಒಂದು ಜೊತೆ ಬೂಟು ಕೊಟ್ಟರು, ಮಲಗುವಾಗ ತಪ್ಪದೆ ಹಾಕಬೇಕು, ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ ಅಂದರು. ಕೂಸು ಕಿರುಚುತ್ತಿತ್ತು. ಅಜ್ಜಿ ಹಾಕಿದರೆ ಮಾತ್ರ ಸುಮ್ಮನಿರುತ್ತಿತ್ತು. ಬೆಲ್ಟು ಬಿಗಿಯುತ್ತ ಇವಳು ದಿನಾ ಒಂದೇ ಕತೆ ಹೇಳುತ್ತಿದ್ದಳು. “ಆಕಾಶದ ಮಗನ ಮನಿ ಬಾಗಲದಾಗ ನಿನ್ನಜ್ಜಿ ಚಪ್ಪಲಿ ಬಿಟ್ಟ ಬಂದಾಳ. ನೀ ಹೋಗಿ ತರಬೇಕ ನೋಡವಾ. ಅಷ್ಟ ದೂರ ಹೋಗಬೇಕಂದ್ರ ಕಾಲ ನೆಟ್ಟಗ ಆಗಬೇಕಿಲ್ಲ?”

ಕೂಸಿಗೆ ಹತ್ತು ತಿಂಗಳಿದ್ದಾಗ, ಒಂದು ಬೆಳಿಗ್ಗೆ, ಜಡೆ ಹೆಣೆಯುತ್ತ ಕೂತವಳು ಹಾಗೆಯೇ ಒರಗಿದಳು. ಎದೆ ನಿಂತಿತ್ತು. ಚರ್ಮದ ಎಳೆಯ ತುದಿ ಅವಳ ಹೆಬ್ಬೆರಳಿಗೆ ಸಿಕ್ಕಿಕೊಂಡೇ ಇತ್ತು. ನಾನು ಬಿಚ್ಚಿದೆ.

ಆಮೇಲಿನ ಎರಡು ಮೂರು ತಿಂಗಳು ನಮ್ಮಲ್ಲಿ ಯಾರಿಗೂ ಕೂಸಿನ ಕಿರುಚಾಟ ತಡೆಯುವ ಗಟ್ಟಿತನ ಇರಲಿಲ್ಲ. ಇವತ್ತೊಂದು ದಿನ ಬಿಡೋಣ, ನಾಳೆ ಹಾಕೋಣ ಅಂದೆವು. ಪಾದ ಮತ್ತೆ ಒಳಗೆ ತಿರುಗಿತು. ಮತ್ತೆ ಮಿರಜ್, ಮತ್ತೆ ಪ್ಲಾಸ್ಟರ್, ಹಿಮ್ಮಡಿಯ ನರಕ್ಕೆ ಸಣ್ಣ ಕೊಯ್ತ. ಈ ಸಲ ಬೂಟು ಹಾಕುವ ಕೆಲಸ ನಾನೇ ತೆಗೆದುಕೊಂಡೆ. ಚಪ್ಪಲಿಯ ಕತೆಯನ್ನೂ ನಾನೇ ಹೇಳಿದೆ, ಅವಳ ಹಾಗೆ ಹೇಳಲು ಬರಲಿಲ್ಲ.

ಇವತ್ತು ಹೊತ್ತು ಇಳಿಯುವಾಗ ಬೋರಗಾಂವಕ್ಕೆ ಕೊಟ್ಟ ಮಗಳು ಗಂಡನ ಗಾಡಿ ಹತ್ತಿ ಬಂದಳು. ಬಾಗಿಲಲ್ಲೇ ಕೂಗಿದಳು. “ಎಲ್ಲಿ ಅದಾಳ ನಮ್ಮ ಮೆರವಣಿಗಿ ರಾಣಿ? ಅಪ್ಪಾ, ಅಳತಿ ತಗೊಂಡಿ?”

ಅಳತೆ! ನನಗೇ ಮರೆತಿತ್ತು. ನಡೆದ ದಿನವೇ ತೆಗೆಯಬೇಕು. ಈ ವಹಿಯ ಮುಂದಿನ ಹಾಳೆ ತೆರೆದು ನೆಲದ ಮೇಲೆ ಇಟ್ಟೆ. ಮಗ ಕೂಸನ್ನು ಅದರ ಮೇಲೆ ನಿಲ್ಲಿಸಿದ. ಪೆನ್ಸಿಲಿಗೆ ಕಚಗುಳಿಯಾಗಿ ಅವಳು ಬೆರಳು ಮುದುಡಿದಳು, ಹೆಬ್ಬೆರಳಿನ ಗೆರೆ ಸೊಟ್ಟಾಯಿತು. ಅಳಿಸಲಿಲ್ಲ.

ಮಗಳು ಟ್ರಂಕಿನಿಂದ ಆ ರೇಷ್ಮೆ ಬೂಟು ತೆಗೆದು ತಂದಳು, ನೋಡಬೇಕೆಂದು. ನಾನು ಒಂದನ್ನು ಹಾಳೆಯ ಮೇಲೆ, ಆ ಗೆರೆಯೊಳಗೆ ಇಟ್ಟೆ. ನಮ್ಮ ಎರಡು ವರ್ಷದ ಕೂಸಿನ ಪಾದ ಅದಕ್ಕಿಂತ ಒಂದು ಬೆರಳು ದೊಡ್ಡದು. ಅಷ್ಟು ಸಣ್ಣದರಲ್ಲಿ ಯಾರೋ ಒಬ್ಬಳು ಮುದುಕಿಯಾಗುವ ತನಕ ನಡೆದಿದ್ದಳು.

ಸೊಸೆ ಬೆಲ್ಲದ ಸಜ್ಜಕ ಮಾಡಿದ್ದಳು, ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ. ಎಲ್ಲರೂ ಸುತ್ತ ಕೂತೆವು. ನಾನು ರೊಟ್ಟಿ ಮುರಿಯದೆ ಪಕ್ಕಕ್ಕಿಟ್ಟೆ. ಬಸ್ಸಿನಲ್ಲಿ ಆಡಿದ ಮಾತನ್ನು ಎಲ್ಲರ ಎದುರು ಹೇಳಿದೆ. ಅಟ್ಟೆ ನೋಡಿ ತಿಳಿದದ್ದು, ತಿಳಿದೂ ಬಾಯಿ ಬಿಡದೇ ಇದ್ದದ್ದು, ಎತ್ತಿಕೋ ಅಂದದ್ದು ನಾನೇ ಅನ್ನುವುದು, ಎಲ್ಲ. ಮಗ ತಟ್ಟೆ ನೋಡುತ್ತ ಕೂತ. ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ನನಗ ಗೊತ್ತೈತ್ರಿ ಮಾವಾ,” ಅಂದಳು ಸೊಸೆ, ರೊಟ್ಟಿ ಬಡಿಸುತ್ತ. “ಅತ್ತಿ ಹೇಳಿದ್ರು.”

“ಏನ ಹೇಳಿದ್ಲು?”

“ನಿಮ್ಮ ಮಾವ ಎರಡ ಸಲ ಅಟ್ಟಿ ತಿರುವಿ ನೋಡಿದ್ರು, ಏನೋ ಐತಿ ಅಂತ ನನಗ ಅಲ್ಲೇ ತಿಳೀತು, ಆದ್ರೂ ತಗೊಂಡೆ, ಕಸೂತಿ ಭಾಳ ಚಂದಿತ್ತು ಅಂದ್ರು.”

“ಬಸ್ಸಿನ ಮಾತ?”

“ಅದನ್ನೂ ಹೇಳಿದ್ರು. ಅವತ್ತ ಅವ್ರಿಗೆ ಯಾರನ್ನರ ಬೈಬೇಕಾಗಿತ್ತು, ನಾ ಮಗ್ಗಲದಾಗ ಇದ್ನೆಲ್ಲ, ಅಂದ್ರು.”

“ಮತ್ತ ನನಗ ಯಾಕ ಹೇಳಲಿಲ್ಲವಾ ನೀ, ಇಷ್ಟ ದಿವಸ?”

“ನೀವ ಕೇಳಲೇ ಇಲ್ಲಲ್ರಿ. ಉಣ್ರಿ, ಆರಾಕತ್ತೈತಿ.”

ಅಷ್ಟರಲ್ಲಿ ಕೂಸು ಅವರವ್ವನ ಬೆನ್ನು ಹಿಡಿದು ಎದ್ದು ನಿಂತಿತು. ಬೆನ್ನು ಬಿಟ್ಟಿತು. ತಟ್ಟೆಗಳ ನಡುವೆ ಬಾಗಿಲ ಕಡೆ ಮುಖ ಮಾಡಿ ಹೊರಟಿತು.

“ಎಲ್ಲಿಗೆ ಹೊಂಟಾಳ ಇಕಿ, ಊಟ ಬಿಟ್ಟ?” ಅಂದ ಅಳಿಯ.

“ಅವ್ವನ ಚಪ್ಪಲಿ ತರಾಕ,” ಅಂದಳು ಮಗಳು.

ನಾಲ್ಕು ಹೆಜ್ಜೆಗೆ ಸಜ್ಜಕದ ಬೋಗುಣಿಯ ಪಕ್ಕ ಕೂತು, ಕೈ ಒಳಗೆ ಅದ್ದಿದಳು. ಎಲ್ಲರೂ ನಕ್ಕರು. ಮಗ ಅವಳನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟ. ನಾನು ಅವಳ ಕೈ ಒರೆಸಲಿಲ್ಲ, ರೊಟ್ಟಿ ಮುರಿದು ಒಂದು ತುಣುಕು ಅವಳಿಗೆ ಕೊಟ್ಟು, ಒಂದು ನಾನು ತಿಂದೆ. ಸೊಸೆಯೂ ಬಂದು ಕೂತಳು. ಎಲ್ಲರೂ ಉಂಡೆವು.